ಘಾಟಿ ಇಳಿದ ಮೇಲೆ ನೀಲಿ ಹೊಗೆ: 'ರಿಂಗ್ ಹೋಗಿದೆ' ಎನಿಸಿಕೊಂಡ ಒಂದು ಪೆಟ್ರೋಲ್ ಕಾರಿನ ಪ್ರಕರಣ

ಗಾಡಿ 2012ರ ಹ್ಯಾಚ್‌ಬ್ಯಾಕ್. 1.2 ಲೀಟರಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್, 16 ವಾಲ್ವ್, ಟೈಮಿಂಗ್ ಚೈನ್, ಟರ್ಬೊ ಇಲ್ಲ. ಓಡಿರುವುದು 1,08,000 ಕಿ.ಮೀ. ಇರುವುದು ಚಿಕ್ಕಮಗಳೂರಿನಲ್ಲಿ. ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿ ಘಾಟಿ ಇಳಿದು ಆಗಾಗ ಮಂಗಳೂರಿಗೆ ಹೋಗಿ ಬರುತ್ತದೆ.

ದೂರು ಎರಡು. ಸುಮಾರು 1,100 ಕಿ.ಮೀ.ಗೆ ಒಂದು ಲೀಟರ್ ಆಯಿಲ್ ಕಡಿಮೆಯಾಗುತ್ತಿದೆ, ಆದರೆ ನಿಲ್ಲಿಸಿದ ಜಾಗದಲ್ಲಿ ಒಂದು ಹನಿಯೂ ಬೀಳುವುದಿಲ್ಲ. ಎರಡನೆಯದು, ಘಾಟಿ ಇಳಿದು ಸಮತಟ್ಟಿಗೆ ಬಂದು ಆಕ್ಸಿಲರೇಟರ್ ಒತ್ತಿದ ಕೂಡಲೇ ಸೈಲೆನ್ಸರಿನಿಂದ ದಟ್ಟ ನೀಲಿ ಹೊಗೆ. ಹತ್ತಿಪ್ಪತ್ತು ಸೆಕೆಂಡಿನಲ್ಲಿ ತಿಳಿಯಾಗುತ್ತದೆ. ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗಲೂ ಒಂದು ಉಸಿರಿನಷ್ಟು ನೀಲಿ ಹೊಗೆ ಬಂದು ನಿಲ್ಲುತ್ತದೆ.

ಮೊದಲು ನೋಡಿದ ಗ್ಯಾರೇಜಿನ ತೀರ್ಮಾನ: ಕಂಪ್ರೆಷನ್ (ಪಿಸ್ಟನ್ ಗಾಳಿಯನ್ನು ಒತ್ತಿದಾಗ ಸಿಲಿಂಡರಿನಲ್ಲಿ ಬರುವ ಒತ್ತಡ) ಬಿದ್ದಿದೆ, ಪಿಸ್ಟನ್ ಸುತ್ತಲಿನ ಸಂದಿ ಮುಚ್ಚುವ ಪಿಸ್ಟನ್ ರಿಂಗ್ ಹೋಗಿದೆ, ಎಂಜಿನ್ ಇಳಿಸಿ ಬೋರ್ ಮಾಡಿಸಬೇಕು, ಅಂದರೆ ಸಿಲಿಂಡರಿನ ಒಳಗೋಡೆ ಕೊರೆಸಬೇಕು. ಅಂದಾಜು 70,000 ರೂಪಾಯಿ. ಅಲ್ಲಿಯವರೆಗೆ ಹೊಗೆ ತಡೆಯಲಿ ಎಂದು 5ಡಬ್ಲ್ಯು-30 ತೆಗೆದು ಅದಕ್ಕಿಂತ ದಪ್ಪದ 20ಡಬ್ಲ್ಯು-50 ಆಯಿಲ್ ಹಾಕಿ ಕಳಿಸಿದ್ದರು.

ಬಣ್ಣ ಮತ್ತು ಹೊತ್ತು

ಹೊಗೆಯ ಬಣ್ಣ ನೋಡಿದರೆ ಏನು ಉರಿಯುತ್ತಿದೆ ಎಂದು ಗೊತ್ತಾಗುತ್ತದೆ. ಅದು ಯಾವ ದಾರಿಯಲ್ಲಿ ಒಳಗೆ ಬರುತ್ತಿದೆ ಎಂದು ತಿಳಿಯಬೇಕಾದರೆ ಹೊಗೆ ಯಾವಾಗ ಬರುತ್ತದೆ ಎಂದು ನೋಡಬೇಕು. ನಮ್ಮಲ್ಲಿ ಬಹಳ ಜನ ಬಣ್ಣದ ಹತ್ತಿರವೇ ನಿಂತುಬಿಡುತ್ತಾರೆ. ಅಲ್ಲೇ ದುಡ್ಡು ಹೋಗುವುದು.

ಕಪ್ಪು ಹೊಗೆ ಎಂದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ: ಕಟ್ಟಿದ ಏರ್ ಫಿಲ್ಟರ್, ಸೋರುವ ಇಂಜೆಕ್ಟರ್, ತಪ್ಪು ಹೇಳುತ್ತಿರುವ ಆಕ್ಸಿಜನ್ ಅಥವಾ ಮ್ಯಾಪ್ (ಒಳಹೋಗುವ ಗಾಳಿಯ ಒತ್ತಡ ಅಳೆಯುವ) ಸೆನ್ಸರ್. ಈ ಗಾಡಿಯಲ್ಲಿ ಅದು ಇರಲಿಲ್ಲ. ಬಿಳಿ ಹೊಗೆಯಲ್ಲಿ ಎರಡು ಬಗೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರೇ ಹುಟ್ಟುತ್ತದೆ. ಮಲೆನಾಡಿನ ಚಳಿಯ ಬೆಳಿಗ್ಗೆ ಅದು ಆವಿಯಾಗಿ ಕಾಣುವುದು ಸಹಜ, ಸೈಲೆನ್ಸರ್ ಬಿಸಿಯಾದ ಮೇಲೆ ಹೋಗುತ್ತದೆ. ಎಂಜಿನ್ ಪೂರ್ತಿ ಬಿಸಿಯಾದ ಮೇಲೂ ಬಿಳಿ ಹೊಗೆ ಗಾಳಿಯಲ್ಲಿ ತೇಲುತ್ತಾ ನಿಂತರೆ, ಸಿಹಿ ವಾಸನೆ ಇದ್ದರೆ, ಕೂಲಂಟ್ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಸಿಲಿಂಡರುಗಳ ಮೇಲೆ ಕೂರುವ ಹೆಡ್ಡಿನ ಕೆಳಗಿನ ಸೀಲು) ಮೇಲೆ ಅನುಮಾನ ಪಡಬೇಕು. ಇಲ್ಲಿ ಕೂಲಂಟ್ ಮಟ್ಟ ಕದಲಿರಲಿಲ್ಲ. ಕೂಲಿಂಗ್ ಸಿಸ್ಟಮ್‌ಗೆ 1 ಬಾರ್ ಒತ್ತಡ ಕೊಟ್ಟು ಅರ್ಧ ಗಂಟೆ ಬಿಟ್ಟರೂ ಮುಳ್ಳು ಇಳಿಯಲಿಲ್ಲ. ಆ ದಾರಿ ಅಲ್ಲಿಗೆ ಮುಚ್ಚಿತು.

ಉಳಿದದ್ದು ನೀಲಿ, ಅಂದರೆ ಎಂಜಿನ್ ಆಯಿಲ್. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ನಿನಲ್ಲಿ ಆಯಿಲ್ ಉರಿಯುವ ಜಾಗಕ್ಕೆ ಬರಲು ಮುಖ್ಯವಾಗಿ ಮೂರು ದಾರಿ: ಕೆಳಗಿನಿಂದ ಪಿಸ್ಟನ್ ರಿಂಗ್ ದಾಟಿ, ಮೇಲಿನಿಂದ ವಾಲ್ವ್ ಸ್ಟೆಮ್ ಸೀಲ್ (ವಾಲ್ವಿನ ಕಡ್ಡಿಯ ಸುತ್ತ ಆಯಿಲ್ ತಡೆಯುವ ರಬ್ಬರ್) ದಾಟಿ, ಇಲ್ಲವೆ ಎಂಜಿನ್ ಕೆಳಭಾಗದ ಗ್ಯಾಸನ್ನು ವಾಪಸು ಕಳಿಸುವ ಪಿಸಿವಿ ವಾಲ್ವ್ ಮೂಲಕ, ಎಂಜಿನ್ನಿಗೆ ಗಾಳಿ ತರುವ ಇಂಟೇಕ್ ಮ್ಯಾನಿಫೋಲ್ಡಿಗೆ. ರಿಂಗ್ ಸವೆದ ಎಂಜಿನ್ ಲೋಡಿನಲ್ಲಿ ಹೊಗೆ ಬಿಡುತ್ತದೆ, ಏರು ಹತ್ತುವಾಗ, ಓವರ್‌ಟೇಕ್ ಮಾಡುವಾಗ. ಸೀಲ್ ಹೋದ ಎಂಜಿನ್ ಲೋಡಿನಲ್ಲಿ ಚೊಕ್ಕವಾಗಿರುತ್ತದೆ. ಬಹಳ ಹೊತ್ತು ಐಡ್ಲಿಂಗ್‌ನಲ್ಲಿ ನಿಂತು ಹೊರಟಾಗ, ರಾತ್ರಿ ನಿಂತು ಬೆಳಿಗ್ಗೆ ಎದ್ದಾಗ, ಗೇರಿನಲ್ಲೇ ಘಾಟಿ ಇಳಿದು ಮತ್ತೆ ಆಕ್ಸಿಲರೇಟರ್ ಕೊಟ್ಟಾಗ ಹೊಗೆ ಬಿಡುತ್ತದೆ.

ಇದಕ್ಕೆ ಕಾರಣ ಮ್ಯಾನಿಫೋಲ್ಡಿನ ನಿರ್ವಾತ, ಗ್ಯಾರೇಜ್ ಮಾತಿನಲ್ಲಿ ವ್ಯಾಕ್ಯೂಮ್. ಥ್ರಾಟಲ್ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಗಾಳಿಯ ಕದ) ಮುಚ್ಚಿ ಎಂಜಿನ್ ವೇಗವಾಗಿ ತಿರುಗುತ್ತಿದ್ದರೆ ಇಂಟೇಕ್ ಪೋರ್ಟಿನಲ್ಲಿ ಎಳೆತ ಅತಿ ಹೆಚ್ಚು. ಎರಡನೇ ಗೇರಿನಲ್ಲಿ ಕಾಲು ತೆಗೆದು ಘಾಟಿ ಇಳಿಯುವುದು ಎಂದರೆ ಮೈಲುಗಟ್ಟಲೆ ಅದೇ ಸ್ಥಿತಿ. ಸೀಲ್ ಸಡಿಲವಾಗಿದ್ದರೆ ಹೆಡ್ ಮೇಲಿನ ಆಯಿಲ್ ಸ್ಟೆಮ್ ಗುಂಟ ಪೋರ್ಟಿಗೆ ಇಳಿದು ಕೂಡುತ್ತಾ ಹೋಗುತ್ತದೆ. ಕಾಲು ಒತ್ತಿದ ಕೂಡಲೇ ಅಷ್ಟೂ ಒಟ್ಟಿಗೆ ಉರಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಅದೇ ವ್ಯಾಕ್ಯೂಮ್ ಸಿಲಿಂಡರಿನೊಳಗೂ ಇರುತ್ತದೆ. ಆಯಿಲ್ ರಿಂಗ್ ಜಾಮ್ ಆಗಿದ್ದರೆ ಕೆಳಗಿನಿಂದಲೂ ಆಯಿಲ್ ಮೇಲಕ್ಕೆ ಎಳೆಯಬಹುದು. ಆದ್ದರಿಂದ ಘಾಟಿಯ ಹೊಗೆ ಒಂದನ್ನೇ ಹಿಡಿದು ಸೀಲ್ ಎಂದು ಬರೆದುಕೊಡುವುದು ತಪ್ಪು.

ಮೊದಲು ಡಿಪ್‌ಸ್ಟಿಕ್

ಸಮತಟ್ಟು ನೆಲದಲ್ಲಿ, ರಾತ್ರಿಯಿಡೀ ನಿಂತ ಗಾಡಿಯ ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ತೆಗೆದರೆ ಆಯಿಲ್ ಮೇಲಿನ ಗೆರೆಗಿಂತ ಒಂದು ಸೆಂಟಿಮೀಟರಿಗೂ ಹೆಚ್ಚು ಮೇಲಿತ್ತು. ಕಡಿಮೆಯಾಗುತ್ತದೆ ಎಂಬ ಭಯಕ್ಕೆ ಮುಂಚೆಯೇ ಹೆಚ್ಚು ಸುರಿದಿದ್ದರು. ಹೀಗೆ ತುಂಬಿದರೆ ಕ್ರ್ಯಾಂಕ್ ಆಯಿಲನ್ನು ಕಡೆಯುತ್ತದೆ, ನೊರೆ ಮತ್ತು ಆಯಿಲ್ ಮಂಜು ಪಿಸಿವಿ ದಾರಿಯಲ್ಲಿ ಮ್ಯಾನಿಫೋಲ್ಡಿಗೆ ಹೋಗಿ ಉರಿಯುತ್ತದೆ. ಅತಿಯಾಗಿ ತುಂಬಿದ ಆಯಿಲೇ ನೀಲಿ ಹೊಗೆಯ ಪೂರ್ತಿ ಕಾರಣವಾಗಿರುವ ಗಾಡಿಗಳೂ ಉಂಟು.

ಇದ್ದ 20ಡಬ್ಲ್ಯು-50 ಪೂರ್ತಿ ಇಳಿಸಿ, ಕೈಪಿಡಿ ಹೇಳುವ 5ಡಬ್ಲ್ಯು-30 ಹೊಸ ಫಿಲ್ಟರಿನೊಂದಿಗೆ ಸರಿಯಾಗಿ ಮೇಲಿನ ಗೆರೆಗೆ ಹಾಕಲಾಯಿತು. ದಪ್ಪ ಆಯಿಲ್ ಸೋರಿಕೆಯನ್ನು ಸ್ವಲ್ಪ ನಿಧಾನ ಮಾಡುತ್ತದೆ, ಅಷ್ಟೇ. ಚಳಿಯ ಬೆಳಿಗ್ಗೆ ಅದು ಕ್ಯಾಮ್‌ಶಾಫ್ಟ್ ಮುಟ್ಟುವುದು ತಡ. ವಾಲ್ವ್ ಟೈಮಿಂಗ್ ಬದಲಿಸುವ ವಿವಿಟಿ ಇರುವ ಎಂಜಿನ್ನಿನಲ್ಲಿ ಆಯಿಲಿನ ಒತ್ತಡದಿಂದಲೇ ಕೆಲಸ ನಡೆಯುವುದರಿಂದ ಅಲ್ಲೂ ತೊಂದರೆ. ಎಲ್ಲಕ್ಕಿಂತ ಮುಖ್ಯವಾಗಿ, ರೋಗದ ಲಕ್ಷಣ ಮಸುಕಾಗಿ ಪರೀಕ್ಷೆಯೇ ಹಾಳಾಗುತ್ತದೆ.

ಮಟ್ಟ ಸರಿಯಾದ ಮೇಲೆ ಹೊಗೆ ಕಡಿಮೆಯಾಯಿತು, ನಿಲ್ಲಲಿಲ್ಲ. 500 ಕಿ.ಮೀ. ಓಡಿಸಿ ಅದೇ ಜಾಗದಲ್ಲಿ, ಅದೇ ಬೆಳಗಿನ ಹೊತ್ತಿನಲ್ಲಿ ಮತ್ತೆ ಅಳೆದರೆ ಮೇಲಿನ ಗೆರೆಗೆ ಬರಲು 380 ಮಿ.ಲೀ. ಹಾಕಬೇಕಾಯಿತು. ಅಂದರೆ 1,000 ಕಿ.ಮೀ.ಗೆ ಮುಕ್ಕಾಲು ಲೀಟರ್. ಕೆಲವು ತಯಾರಕರು 1,000 ಕಿ.ಮೀ.ಗೆ ಒಂದು ಲೀಟರ್‌ವರೆಗೂ ಆಯಿಲ್ ಖರ್ಚಾಗಬಹುದು ಎಂದು ಕೈಪಿಡಿಯಲ್ಲಿ ಬರೆದಿರುತ್ತಾರೆ. ಅದು ವಾರಂಟಿಯ ಗಡಿಯೇ ಹೊರತು ಆರೋಗ್ಯದ ಅಳತೆಯಲ್ಲ. ಈ ಗಾತ್ರದ ಒಳ್ಳೆಯ ಎಂಜಿನ್ ಇದರ ಹತ್ತನೇ ಒಂದು ಪಾಲನ್ನೂ ಕುಡಿಯುವುದಿಲ್ಲ.

ಪಿಸಿವಿ ವಾಲ್ವ್ ಬಿಚ್ಚಿ ಅಲ್ಲಾಡಿಸಿದರೆ ಒಳಗಿನ ತುಂಡು ಕಟಕಟ ಎನ್ನುತ್ತಿತ್ತು. ಒಂದು ಕಡೆಯಿಂದ ಊದಿದರೆ ಗಾಳಿ ಹೋಗುತ್ತಿತ್ತು, ಇನ್ನೊಂದು ಕಡೆಯಿಂದ ಬಹುಪಾಲು ತಡೆಯುತ್ತಿತ್ತು. ಐಡ್ಲಿಂಗ್‌ನಲ್ಲಿ ಆಯಿಲ್ ಹಾಕುವ ಮುಚ್ಚಳ ತೆಗೆದು ಬಾಯಿಗೆ ತೆಳು ಕಾಗದ ಹಿಡಿದರೆ ಮೆಲ್ಲಗೆ ಒಳಗೆ ಎಳೆಯಿತು. ರಿಂಗ್ ಕೆಟ್ಟು ಗ್ಯಾಸ್ ಕೆಳಕ್ಕೆ ನುಗ್ಗುತ್ತಿದ್ದರೆ ಕಾಗದ ಹೊರಕ್ಕೆ ಹಾರುತ್ತದೆ, ಮುಚ್ಚಳದ ಬಾಯಲ್ಲಿ ಹೊಗೆ ಪಫ್ ಪಫ್ ಎಂದು ಬರುತ್ತದೆ. ಎರಡೂ ಇರಲಿಲ್ಲ.

ಕಂಪ್ರೆಷನ್ ನಿಜವಾಗಿ ಬಿದ್ದಿತ್ತೇ?

'ರಿಂಗ್ ಹೋಗಿದೆ' ಎಂಬ ತೀರ್ಪು ನಿಂತಿದ್ದು ಒಂದೇ ಅಂಕಿಯ ಮೇಲೆ. ಕೈಪಿಡಿಯಲ್ಲಿ 178 ಪಿಎಸ್‌ಐ, ಗೇಜಿನಲ್ಲಿ 138. ಆ ಅಳತೆ ತೆಗೆದ ರೀತಿಯಲ್ಲೇ ತಪ್ಪು ಇತ್ತು. ಎಂಜಿನ್ ತಣ್ಣಗಿತ್ತು, ಒಂದು ಪ್ಲಗ್ ಮಾತ್ರ ತೆಗೆದಿದ್ದರು, ಆಕ್ಸಿಲರೇಟರ್ ಒತ್ತಿರಲಿಲ್ಲ. ಥ್ರಾಟಲ್ ಮುಚ್ಚಿದ್ದರೆ ಸಿಲಿಂಡರಿಗೆ ಗಾಳಿಯೇ ಸರಿಯಾಗಿ ತುಂಬುವುದಿಲ್ಲ, ಇನ್ನು ಒತ್ತಡ ಎಲ್ಲಿಂದ ಬರಬೇಕು? ಉಳಿದ ಮೂರು ಪ್ಲಗ್ ಜಾಗದಲ್ಲೇ ಇದ್ದರೆ ಸ್ಟಾರ್ಟರ್ ನಿಧಾನವಾಗಿ ತಿರುಗುತ್ತದೆ, ಅಂಕಿ ಇನ್ನೂ ಕೆಳಗೆ ಹೋಗುತ್ತದೆ.

ಸರಿಯಾದ ಕ್ರಮ ಹೀಗೆ. ಎಂಜಿನ್ ಪೂರ್ತಿ ಬಿಸಿಯಾಗಿರಬೇಕು. ಫ್ಯೂಯೆಲ್ ಪಂಪಿನ ಫ್ಯೂಸ್ ತೆಗೆದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಇಗ್ನಿಷನ್ ಕಾಯಿಲ್‌ಗಳ ಕನೆಕ್ಟರ್ ಬಿಚ್ಚಬೇಕು. ನಾಲ್ಕೂ ಪ್ಲಗ್ ಹೊರಗೆ. ಬ್ಯಾಟರಿ ಚಾರ್ಜ್ ತುಂಬಿರಬೇಕು. ಥ್ರಾಟಲ್ ಪೂರ್ತಿ ತೆರೆದಿಟ್ಟು ಪ್ರತಿ ಸಿಲಿಂಡರಿಗೂ ಸಮನಾಗಿ ಆರು ಕಂಪ್ರೆಷನ್ ಸ್ಟ್ರೋಕ್ ಕೊಡಬೇಕು. ಬಂದ ಅಂಕಿ, ಒಂದನೇ ಸಿಲಿಂಡರಿನಿಂದ ಕ್ರಮವಾಗಿ: 158, 155, 157, 153.

ಇದೂ 178ಕ್ಕಿಂತ ಕಡಿಮೆಯೇ ಅಲ್ಲವೆ ಎನಿಸಬಹುದು. ಆದರೆ ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಮೇಲಿದೆ. ಅಲ್ಲಿ ಗಾಳಿಯ ಒತ್ತಡ ಮಂಗಳೂರಿನ ಒತ್ತಡದ ಸುಮಾರು ಶೇ. 88 ಮಾತ್ರ. ಕಡಿಮೆ ಗಾಳಿ ಒಳಗೆ ಹೋದರೆ ಕಡಿಮೆ ಒತ್ತಡವೇ ಬರುವುದು. ಸಮುದ್ರಮಟ್ಟಕ್ಕೆ ಬರೆದ 178 ಅಲ್ಲಿ ಸುಮಾರು 157 ಆಗುತ್ತದೆ. ಅಂದರೆ ಈ ಎಂಜಿನ್ ಇರಬೇಕಾದಷ್ಟೇ ಇದೆ. ವ್ಯಾಕ್ಯೂಮ್ ಗೇಜಿಗೂ ಇದೇ ಲೆಕ್ಕ: ಸಮುದ್ರಮಟ್ಟದಲ್ಲಿ ಐಡ್ಲಿಂಗ್‌ನಲ್ಲಿ 18ರಿಂದ 21 ಇಂಚು ಪಾದರಸ ಬರಬೇಕು, ಪ್ರತಿ 1,000 ಅಡಿ ಎತ್ತರಕ್ಕೆ ಒಂದು ಇಂಚು ಕಳೆಯಬೇಕು. ಈ ಗಾಡಿ 16ರಲ್ಲಿ ಕದಲದೆ ನಿಂತಿತು. ಮಡಿಕೇರಿ, ಚಿಕ್ಕಮಗಳೂರು, ಊಟಿ ಕಡೆಯ ಗ್ಯಾರೇಜುಗಳು ಕೈಪಿಡಿಯ ಅಂಕಿಯನ್ನು ಹಾಗೆಯೇ ಹೋಲಿಸಿದರೆ ಒಳ್ಳೆಯ ಎಂಜಿನ್ನನ್ನೂ ಬಿಚ್ಚಬೇಕಾಗುತ್ತದೆ.

ಎತ್ತರದ ಹಂಗಿಲ್ಲದೆ ನೋಡಬೇಕಾದದ್ದು ಸಿಲಿಂಡರುಗಳ ನಡುವಿನ ವ್ಯತ್ಯಾಸ. ಅತಿ ಹೆಚ್ಚು 158, ಅತಿ ಕಡಿಮೆ 153, ವ್ಯತ್ಯಾಸ ಶೇ. 3ರಷ್ಟು. ಶೇ. 10 ದಾಟಿದರೆ ಚಿಂತೆ ಮಾಡಬೇಕು. ಆಮೇಲೆ ಪ್ಲಗ್ ತೂತಿನಿಂದ ಸಿಲಿಂಡರಿಗೆ 5 ಮಿ.ಲೀ. ಆಯಿಲ್ ಹಾಕಿ ಮತ್ತೆ ಅಳೆದರೆ 164, 162, 163, 161. ಸವೆದ ರಿಂಗ್ ಆಗಿದ್ದರೆ ಆಯಿಲ್ ಸಂದಿ ಮುಚ್ಚಿ ಅಂಕಿ 30, 40 ಪಿಎಸ್‌ಐ ಜಿಗಿಯುತ್ತಿತ್ತು. ಲೀಕ್-ಡೌನ್ ಪರೀಕ್ಷೆಯಲ್ಲಿ (ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಎಂದು ನೋಡುವುದು) ಸೋರಿಕೆ ಶೇ. 9ರಿಂದ 12. ಶೇ. 20ರ ಒಳಗಿದ್ದರೆ ಓಡಿದ ಎಂಜಿನ್ನಿಗೆ ತೊಂದರೆಯಿಲ್ಲ.

ಆದರೂ ಕಂಪ್ರೆಷನ್ ಚೆನ್ನಾಗಿದೆ ಎಂದಾಕ್ಷಣ ರಿಂಗಿನ ಮೇಲಿನ ಅನುಮಾನ ಪೂರ್ತಿ ಹೋಗುವುದಿಲ್ಲ. ಪಿಸ್ಟನ್ನಿಗೆ ಮೂರು ರಿಂಗ್. ಒತ್ತಡ ತಡೆಯುವುದು ಮೇಲಿನ ಎರಡು, ಗೋಡೆಯ ಆಯಿಲ್ ಕೆರೆಯುವುದು ಮೂರನೆಯದು. ಆಯಿಲ್ ಬದಲಿಸುವುದನ್ನು ಮುಂದೂಡುತ್ತಾ ಹೋದ ಎಂಜಿನ್ನಿನಲ್ಲಿ ಈ ಮೂರನೇ ರಿಂಗು ಕಾರ್ಬನ್ ಕಟ್ಟಿ ಕಚ್ಚಿಕೊಳ್ಳುತ್ತದೆ, ಆಯಿಲ್ ವಾಪಸು ಹೋಗುವ ತೂತುಗಳು ಮುಚ್ಚುತ್ತವೆ. ಆಗ ಕಂಪ್ರೆಷನ್ ಹೊಸ ಎಂಜಿನ್ನಿನಷ್ಟೇ ಇದ್ದರೂ ಆಯಿಲ್ ಲೀಟರುಗಟ್ಟಲೆ ಹೋಗುತ್ತದೆ. ಇದನ್ನು ಗೇಜು ಹಿಡಿಯುವುದಿಲ್ಲ, ಕಣ್ಣಲ್ಲೇ ನೋಡಬೇಕು.

ಬೋರೋಸ್ಕೋಪ್ ತೋರಿಸಿದ್ದು

ರಾತ್ರಿಯಿಡೀ ನಿಂತ ಎಂಜಿನ್ನನ್ನು ಸ್ಟಾರ್ಟ್ ಮಾಡದೆ ಪ್ಲಗ್ ತೆಗೆದರೆ 1 ಮತ್ತು 4ನೇ ಪ್ಲಗ್ ತಿಳಿಗಂದು, ಒಣ. 2 ಮತ್ತು 3ನೆಯವುಗಳ ಪಿಂಗಾಣಿಯ ಒಂದು ಮಗ್ಗುಲಲ್ಲಿ ಮಾತ್ರ ಕಪ್ಪು ಜಿಡ್ಡು, ಇನ್ನೊಂದು ಮಗ್ಗುಲು ಚೊಕ್ಕ. ಜಿಡ್ಡು ಇಂಟೇಕ್ ವಾಲ್ವ್ ಕಡೆಗಿದ್ದ ಮಗ್ಗುಲಲ್ಲೇ ಇತ್ತು. ಪ್ಲಗ್ ತೆಗೆಯುವ ಮೊದಲೇ ಮಾರ್ಕರಿನಲ್ಲಿ ಗುರುತು ಹಾಕಿಕೊಂಡಿದ್ದರೆ ಮಾತ್ರ ಇದು ತಿಳಿಯುತ್ತದೆ.

ಪ್ಲಗ್ ತೂತಿನಿಂದ ಬೋರೋಸ್ಕೋಪ್, ಅಂದರೆ ಸಣ್ಣ ಕ್ಯಾಮೆರಾ ಬಿಟ್ಟಾಗ ಪಿಸ್ಟನ್ ತಲೆಯ ಮೇಲೆ ಒಣ ಕಂದು ಕಾರ್ಬನ್, ಅಂಚಿನವರೆಗೂ ಒಂದೇ ಸಮ. ಆಯಿಲ್ ಕೆಳಗಿನಿಂದ ಬರುತ್ತಿದ್ದರೆ ಅಂಚಿನ ಸುತ್ತ ಕಾರ್ಬನ್ ತೊಳೆದು ಹೋಗಿ ಒದ್ದೆ ಬಳೆಯ ಆಕಾರ ಕಾಣುತ್ತದೆ. ಅದಿರಲಿಲ್ಲ. ಬದಲಿಗೆ 2 ಮತ್ತು 3ರಲ್ಲಿ ಇಂಟೇಕ್ ವಾಲ್ವಿನ ಸರಿ ಕೆಳಗೆ ಪಿಸ್ಟನ್ ಮೇಲೆ ಹೊಳೆಯುವ ಒದ್ದೆ ಕಲೆ.

ಆಮೇಲೆ ಇಂಜೆಕ್ಟರ್ ರೈಲ್ ಎತ್ತಿ ಇಂಜೆಕ್ಟರ್ ತೂತಿನಿಂದ ವಾಲ್ವಿನ ಬೆನ್ನನ್ನು ನೋಡಲಾಯಿತು. ಪೋರ್ಟಿಗೆ ಪೆಟ್ರೋಲ್ ಚಿಮ್ಮಿಸುವ ಇಂಥ ಎಂಜಿನ್ನಿನಲ್ಲಿ ಪೆಟ್ರೋಲೇ ವಾಲ್ವಿನ ಬೆನ್ನು ತೊಳೆಯುತ್ತಿರುತ್ತದೆ, ಅಲ್ಲಿ ದಪ್ಪ ಕಾರ್ಬನ್ ಕೂಡುವುದು ಕಡಿಮೆ. 1 ಮತ್ತು 4ರಲ್ಲಿ ಹಾಗೆಯೇ ಇತ್ತು. 2 ಮತ್ತು 3ರ ನಾಲ್ಕು ಇಂಟೇಕ್ ವಾಲ್ವುಗಳ ಮೇಲೆ ಹೊರಳು ಹೊರಳಾದ ಕಪ್ಪು ಹೊರಪದರ, ಅದರ ಮೇಲೆ ಸ್ಟೆಮ್ ಗುಂಟ ಇಳಿದ ಹೊಸ ಆಯಿಲಿನ ಹೊಳಪು. ಒಂದರಲ್ಲಿ ಗೈಡಿನ (ಸ್ಟೆಮ್ ಜಾರುವ ಕೊಳವೆಯ) ತುದಿಯಲ್ಲಿ ಹನಿ ನಿಂತಿದ್ದೂ ಕಂಡಿತು. ಆಯಿಲ್ ಮೇಲಿನಿಂದಲೇ ಬರುತ್ತಿದೆ ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಿಲ್ಲ.

ರಸ್ತೆಯಲ್ಲೂ ಒಮ್ಮೆ ತಾಳೆ ನೋಡಲಾಯಿತು, ಹಿಂದಿನ ಗಾಡಿಯಿಂದ ಫೋನಿನಲ್ಲಿ ವಿಡಿಯೊ ಮಾಡುತ್ತಾ. ಮೂರನೇ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟು ಏರು ಹತ್ತಿದಾಗ ಹೊಗೆ ಇಲ್ಲ. ಐದು ನಿಮಿಷ ಐಡ್ಲಿಂಗ್‌ನಲ್ಲಿ ನಿಲ್ಲಿಸಿ ರೇಸ್ ಕೊಟ್ಟಾಗ ಒಂದು ಮುದ್ದೆ ನೀಲಿ ಹೊಗೆ, ಎರಡನೇ ಸಲ ಕೊಟ್ಟಾಗ ಅರ್ಧ, ಮೂರನೇ ಸಲ ಏನೂ ಇಲ್ಲ.

ಈ ಗಾಡಿಯ ಹೊಗೆ ತಪಾಸಣಾ ಪ್ರಮಾಣಪತ್ರ ಚಾಲ್ತಿಯಲ್ಲೇ ಇತ್ತು. ಪೆಟ್ರೋಲ್ ಗಾಡಿಯ ಪಿಯುಸಿ ತಪಾಸಣೆ ಅಳೆಯುವುದು ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ ಅನಿಲಗಳನ್ನು. ಹೊಗೆಯ ದಟ್ಟಣೆ ಅಳೆಯುವ ಪರೀಕ್ಷೆ ಡೀಸೆಲ್ ಗಾಡಿಗೆ. ಬಿಸಿ ಎಂಜಿನ್ನಿನಲ್ಲಿ ಹೊಗೆ ಇಲ್ಲದ ಹೊತ್ತಿಗೆ ಅಳೆದರೆ ಇಂಥ ಗಾಡಿ ಪಾಸಾಗುವುದರಲ್ಲಿ ಆಶ್ಚರ್ಯವಿಲ್ಲ. ಪಿಯುಸಿ ಇದೆ ಎಂದು ಎಂಜಿನ್ ಸರಿಯಿದೆ ಎಂದುಕೊಳ್ಳಬಾರದು.

ಹೆಡ್ ಇಳಿಸದೆ ಸೀಲ್ ಬದಲಾವಣೆ

ಹೆಡ್ ಬಿಚ್ಚದೆಯೇ ಸೀಲ್ ಬದಲಿಸಬಹುದು. ವಾಲ್ವ್ ಕೆಳಗೆ ಬೀಳದಂತೆ ತಡೆಯುವುದೊಂದೇ ಪ್ರಶ್ನೆ. ಪ್ಲಗ್ ತೂತಿನಿಂದ ನೈಲಾನ್ ಹಗ್ಗ ತುರುಕಿ ಪಿಸ್ಟನ್ ಮೇಲೆತ್ತಿ ಒತ್ತಿಡುವವರಿದ್ದಾರೆ. ಇಲ್ಲಿ ಬಳಸಿದ್ದು ಕಂಪ್ರೆಸರ್ ಗಾಳಿ, ಅಡಾಪ್ಟರ್ ಮೂಲಕ 6 ಬಾರ್. ಪಿಸ್ಟನ್ ಅತಿ ಮೇಲೆ ಇರುವಾಗಲೇ ಗಾಳಿ ಕೊಡಬೇಕು. ಅಕಸ್ಮಾತ್ ಗಾಳಿ ಹೋದರೂ ವಾಲ್ವ್ ಪಿಸ್ಟನ್ ಮೇಲೆ ಕೂರುತ್ತದೆ, ಸಿಲಿಂಡರಿಗೆ ಬೀಳುವುದಿಲ್ಲ. ಪಿಸ್ಟನ್ ಒಂದಿಷ್ಟು ಆಚೀಚೆ ಇದ್ದರೆ 6 ಬಾರ್ ಗಾಳಿ ಕ್ರ್ಯಾಂಕನ್ನೇ ತಿರುಗಿಸಿಬಿಡುತ್ತದೆ, ಸ್ಪ್ಯಾನರ್ ಹಾಕಿದ ಕೈಗೆ ಪೆಟ್ಟು. ಅದಕ್ಕೆ ಕ್ರ್ಯಾಂಕ್ ಲಾಕ್ ಮಾಡಿಯೇ ಗಾಳಿ ತೆರೆಯಬೇಕು.

ಚೈನ್ ಮತ್ತು ಎರಡೂ ಕ್ಯಾಮ್ ಸ್ಪ್ರಾಕೆಟ್ ಮೇಲೆ ಬಣ್ಣದ ಗುರುತು ಹಾಕಿ, ಟೆನ್ಷನರ್ ತೆಗೆದು, ಕ್ಯಾಮ್ ಕ್ಯಾಪುಗಳನ್ನು ಹೊರಗಿನಿಂದ ಒಳಕ್ಕೆ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಒಂದೇ ಬದಿಯಿಂದ ಬಿಚ್ಚಿದರೆ ಸ್ಪ್ರಿಂಗಿನ ಒತ್ತಡಕ್ಕೆ ಕ್ಯಾಮ್‌ಶಾಫ್ಟ್ ಮುರಿದೀತು. ಕ್ಯಾಪಿನ ಜಾಗ, ದಿಕ್ಕು ಬದಲಾಗಬಾರದು. ಚೈನನ್ನು ತಂತಿಯಲ್ಲಿ ಮೇಲಕ್ಕೆ ಎಳೆದು ಕಟ್ಟಿಡಬೇಕು. 1 ಮತ್ತು 4 ಒಟ್ಟಿಗೆ ಮೇಲೆ ಬರುತ್ತವೆ, ಅವು ಮುಗಿದ ಮೇಲೆ ಕ್ರ್ಯಾಂಕ್ ಅರ್ಧ ಸುತ್ತು ತಿರುಗಿಸಿದರೆ 2 ಮತ್ತು 3. ಆ ಅರ್ಧ ಸುತ್ತಿನಲ್ಲಿ ಚೈನ್ ಸಡಿಲ ಬಿಟ್ಟರೆ ಕೆಳಗಿನ ಸ್ಪ್ರಾಕೆಟ್ಟಿನಲ್ಲಿ ಮಡಚಿ ಸಿಕ್ಕಿಕೊಳ್ಳುತ್ತದೆ. ಹೆಡ್ ಮೇಲಿನ ಆಯಿಲ್ ಇಳಿಯುವ ತೂತುಗಳಿಗೆಲ್ಲ ಮೊದಲೇ ಬಟ್ಟೆ ತುರುಕಿಡಬೇಕು. ಸ್ಪ್ರಿಂಗ್ ಒತ್ತಿದಾಗ ಹಾರುವ ಸಣ್ಣ ಕಾಟರು (ಸ್ಪ್ರಿಂಗನ್ನು ಸ್ಟೆಮ್ಮಿಗೆ ಹಿಡಿದಿಡುವ ತುಂಡು) ಒಂದು ಕೆಳಗೆ ಬಿದ್ದರೂ ಸಂಪ್, ಅಂದರೆ ಕೆಳಗಿನ ಆಯಿಲ್ ತೊಟ್ಟಿ, ಬಿಚ್ಚಬೇಕಾಗುತ್ತದೆ.

ಹಳೆಯ ಸೀಲುಗಳು ಉಗುರಿನಷ್ಟು ಗಟ್ಟಿಯಾಗಿದ್ದವು. ಇಕ್ಕಳದಲ್ಲಿ ಹಿಡಿದು ಎಳೆದರೆ ತುಟಿ ಮುರಿದು ಚೂರಾಗುತ್ತಿತ್ತು. 2ನೇ ಸಿಲಿಂಡರಿನ ಒಂದು ಸೀಲ್ ಇಡಿಯಾಗಿ ಬಂತು. ಅದನ್ನು ಮತ್ತೆ ಅದೇ ಸ್ಟೆಮ್ ಮೇಲೆ ಇಟ್ಟರೆ ತನ್ನ ಭಾರಕ್ಕೇ ಜಾರಿ ಕೆಳಗೆ ಕುಳಿತಿತು. ಹೊಸದನ್ನು ಇಟ್ಟರೆ ಸ್ಟೆಮ್ಮನ್ನು ಕಚ್ಚಿ ಹಿಡಿದು, ಬೆರಳಿನಲ್ಲಿ ಒತ್ತಿದಷ್ಟೇ ಇಳಿಯಿತು. ಹಳೆಯವು ಮಾಮೂಲಿ ನೈಟ್ರೈಲ್ ರಬ್ಬರಿನವು, ಬಿಸಿಗೆ ವರ್ಷಗಳು ಕಳೆದಂತೆ ಗಟ್ಟಿಯಾಗುತ್ತವೆ. ಹಾಕಿದ್ದು ಬಿಸಿ ಹೆಚ್ಚು ತಡೆಯುವ ಫ್ಲೋರೋ ರಬ್ಬರಿನವು.

ಸೀಲ್ ತೆಗೆದಾಗಲೇ ಗೈಡ್ ಸವೆತ ನೋಡಿಕೊಳ್ಳಬೇಕು. ಗೈಡ್ ಸವೆದಿದ್ದರೆ ಸ್ಟೆಮ್ ಅಲುಗಿ ಹೊಸ ಸೀಲನ್ನೂ ಕೆಲವೇ ತಿಂಗಳಲ್ಲಿ ತಿಂದುಹಾಕುತ್ತದೆ. ಗಾಳಿಯ ಒತ್ತಡ ಬಿಟ್ಟು, ವಾಲ್ವನ್ನು ಸ್ವಲ್ಪ ಕೆಳಗಿಳಿಸಿ ಪಿಸ್ಟನ್ ಮೇಲೆ ಕೂರಿಸಿ, ಸ್ಟೆಮ್ ತುದಿಗೆ ಡಯಲ್ ಗೇಜ್ ಇಟ್ಟು ಆಚೀಚೆ ಅಲುಗಿಸಿದರೆ 0.06ರಿಂದ 0.09 ಮಿ.ಮೀ. ಈ ಎಂಜಿನ್ನಿನ ಮಿತಿಯಾದ 0.14ರ ಒಳಗೇ ಇತ್ತು. ಮಿತಿ ದಾಟಿದ್ದರೆ ಹೆಡ್ ಇಳಿಸಲೇಬೇಕಿತ್ತು.

ಹೊಸ ಸೀಲನ್ನು ಆಯಿಲಿನಲ್ಲಿ ಅದ್ದಿ, ಸ್ಟೆಮ್ ತುದಿಗೆ ಪ್ಲಾಸ್ಟಿಕ್ ತೊಡಿಗೆ ಹಾಕಿ ಇಳಿಸಬೇಕು. ತೊಡಿಗೆ ಇಲ್ಲದಿದ್ದರೆ ಕಾಟರ್ ಕೂರುವ ತೋಡಿನ ಅಂಚು ಸೀಲಿನ ತುಟಿಯನ್ನು ಕುಯ್ಯುತ್ತದೆ, ಹೊಗೆ ಮರುದಿನವೇ ವಾಪಸು. ಕೂರಿಸಲು ಸಾಕೆಟ್ ಇಟ್ಟು ಕೈಯಲ್ಲೇ ಒತ್ತಬೇಕು, ಸುತ್ತಿಗೆ ಬೇಡ. ಇಂಟೇಕ್ ಮತ್ತು ಎಕ್ಸಾಸ್ಟ್ ಸೀಲಿನ ಬಣ್ಣ ಬೇರೆ ಇರುತ್ತದೆ, ಅದಲುಬದಲಾಗಬಾರದು. ಎರಡು ಸಿಲಿಂಡರ್ ಮಾತ್ರ ಕೆಟ್ಟಿದ್ದರೂ ಹದಿನಾರನ್ನೂ ಬದಲಿಸಲಾಯಿತು. ಉಳಿದವುಗಳ ವಯಸ್ಸೂ ಅಷ್ಟೇ. ಕ್ಯಾಮ್ ಕ್ಯಾಪುಗಳನ್ನು ಒಳಗಿನಿಂದ ಹೊರಕ್ಕೆ 11 ನ್ಯೂಟನ್ ಮೀಟರಿಗೆ ಬಿಗಿದು, ಸ್ಟಾರ್ಟರ್ ಮುಟ್ಟುವ ಮೊದಲು ಕ್ರ್ಯಾಂಕನ್ನು ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ ಗುರುತು ತಾಳೆ ನೋಡಲಾಯಿತು. ವಾಲ್ವ್ ಕವರ್ ಗ್ಯಾಸ್ಕೆಟ್, ಪ್ಲಗ್ ಟ್ಯೂಬ್ ಸೀಲ್, ನಾಲ್ಕು ಪ್ಲಗ್, ಪಿಸಿವಿ ವಾಲ್ವ್ ಹೊಸವು. ಎರಡು ದಿನದ ಕೆಲಸ, ಭಾಗ ಮತ್ತು ಕೂಲಿ ಸೇರಿ ಓವರ್‌ಹಾಲ್ ಅಂದಾಜಿನ ಐದನೇ ಒಂದು ಪಾಲಿಗೂ ಕಡಿಮೆ.

ಆಮೇಲೆ

ಮೊದಲ 150 ಕಿ.ಮೀ. ವರೆಗೆ ತೆಳು ನೀಲಿ ಹೊಗೆ ಬರುತ್ತಲೇ ಇತ್ತು. ಸೈಲೆನ್ಸರಿನಲ್ಲೂ ಕ್ಯಾಟಲಿಟಿಕ್ ಕನ್ವರ್ಟರಿನಲ್ಲೂ ಕೂತ ಹಳೆಯ ಆಯಿಲ್ ಉರಿದು ಹೋಗಲು ಅಷ್ಟು ಬೇಕು. ಈ ಹಂತದಲ್ಲಿ ಕೆಲಸ ವಿಫಲವಾಯಿತೆಂದು ಮತ್ತೆ ಬಿಚ್ಚಲು ಹೋಗಬಾರದು. ಆಯಿಲಿನ ರಂಜಕ ಮತ್ತು ಸತು ಕನ್ವರ್ಟರಿಗೆ ವಿಷ, ಅದಕ್ಕೇ ಅದನ್ನೂ ಪರೀಕ್ಷಿಸಬೇಕಿತ್ತು. ಮುಂದಿನ ಆಕ್ಸಿಜನ್ ಸೆನ್ಸರ್ ಜಾಗದಲ್ಲಿ ಗೇಜ್ ಹಾಕಿ 2,500 ಆರ್‌ಪಿಎಂನಲ್ಲಿ ನೋಡಿದರೆ ಹಿಂದೊತ್ತಡ 1 ಪಿಎಸ್‌ಐಗಿಂತ ಕಡಿಮೆ, ಕಟ್ಟಿಲ್ಲ.

3,000 ಕಿ.ಮೀ. ಆದ ಮೇಲೆ, ನಡುವೆ ಚಾರ್ಮಾಡಿ ಇಳಿದದ್ದೂ ಸೇರಿ, ಡಿಪ್‌ಸ್ಟಿಕ್ ಮೇಲಿನ ಗೆರೆಗೆ ತರಲು 200 ಮಿ.ಲೀ. ಸಾಕಾಯಿತು. ಈ ಅಂಕಿ ಇಳಿಯದೆ ಮೊದಲಿನಂತೆಯೇ ಇದ್ದಿದ್ದರೆ ಮುಂದಿನ ಹೆಜ್ಜೆ ಆಗಲೂ ಬೋರಿಂಗ್ ಆಗಿರುತ್ತಿರಲಿಲ್ಲ. ನಾಲ್ಕೂ ಪಿಸ್ಟನ್ನುಗಳನ್ನು ಒಂದೇ ಎತ್ತರಕ್ಕೆ, ನಡುಮಟ್ಟಕ್ಕೆ ತಂದು, ಪ್ಲಗ್ ತೂತಿನಿಂದ ಕಾರ್ಬನ್ ಕರಗಿಸುವ ದ್ರಾವಣ ಹಾಕಿ ರಾತ್ರಿಯಿಡೀ ನೆನೆಸಬೇಕಿತ್ತು. ಮರುದಿನ ಉಳಿದ ದ್ರಾವಣವನ್ನು ಸಿರಿಂಜಿನಲ್ಲಿ ಹೀರಿ ತೆಗೆದು, ಪ್ಲಗ್ ಹೊರಗಿರುವಾಗಲೇ ಸ್ಟಾರ್ಟರಿನಲ್ಲಿ ತಿರುಗಿಸಿ ಉಳಿಕೆ ಹೊರಹಾಕಿ, ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಮತ್ತೆ 1,000 ಕಿ.ಮೀ.ಗೆ ಅಳೆಯಬೇಕಿತ್ತು. ಕಚ್ಚಿಕೊಂಡ ಆಯಿಲ್ ರಿಂಗ್ ಎಷ್ಟೋ ಸಲ ಇಷ್ಟಕ್ಕೇ ಬಿಡುತ್ತದೆ.